ಮಣ್ಣಿನ ಮೇಲಿನ ಜಮಾ-ಖರ್ಚು

ಸ್ಮರಣ ಸಂಚಿಕೆ ಕೈಗೆ ಬಂದೊಡನೆ ನಾವು ನೋಡುವುದು ಕವನ, ಹಾಸ್ಯ ಲೇಖನ, ಫೋಟೋಗಳನ್ನು. ಖಜಾಂಚಿಗಳು ನಿದ್ದೆಗೆಟ್ಟು ಹೊಂದಿಸಿದ ಜಮಾ-ಖರ್ಚಿನ ಪುಟವನ್ನು ಸುಮ್ಮನೆ ಮಗುಚಿಬಿಡುತ್ತೇವೆ. ಆದರೆ ಬರವಣಿಗೆಯ ಚರಿತ್ರೆಯಲ್ಲಿ ಮೊದಲು ಬಂದದ್ದು ಲೆಕ್ಕ. ಕಾವ್ಯ ಬಂದದ್ದು ಎಷ್ಟೋ ಶತಮಾನಗಳ ನಂತರ.

ಇಂದಿನ ಇರಾಕಿನ ದಕ್ಷಿಣ ಭಾಗವೇ ಪ್ರಾಚೀನ ಸುಮೇರ್. ಅಲ್ಲಿನ ಉರುಕ್ ನಗರದಲ್ಲಿ ಕ್ರಿ.ಪೂ. 3300ರ ಸುಮಾರಿಗೆ ಬರೆದ ಜೇಡಿಮಣ್ಣಿನ ಫಲಕಗಳಲ್ಲಿ ಬಹುಪಾಲು ಧಾನ್ಯ, ಬಿಯರ್, ಕುರಿ, ಬಟ್ಟೆಗಳ ಲೆಕ್ಕವೇ. ಅಂಗೈಯಗಲದ ಹಸಿಮಣ್ಣಿನ ಮೇಲೆ ಜೊಂಡಿನ ಕಡ್ಡಿಯನ್ನು ಒತ್ತಿ ಬರೆಯುತ್ತಿದ್ದರು. ನಮ್ಮ ಹಿಂದಿನ ವರ್ತಕರು ಕಡತದ ಮೇಲೆ ಬಳಪದಲ್ಲಿ ಬರೆದದ್ದನ್ನು ಒರೆಸಿ ತಿದ್ದಬಹುದಿತ್ತು. ಇಲ್ಲಿ ಮಣ್ಣು ಒಣಗಿತೆಂದರೆ ಮುಗಿಯಿತು. ಸಾಮಾನು ಪಡೆದವನು ಸಹಿಯ ಬದಲು ತನ್ನ ಉರುಳೆಮುದ್ರೆಯನ್ನು ಅದರ ಮೇಲೆ ಉರುಳಿಸುತ್ತಿದ್ದ.

ಉರ್ ನಗರದ ಮೂರನೆಯ ರಾಜವಂಶದ ಕಾಲಕ್ಕೆ, ಅಂದರೆ ಕ್ರಿ.ಪೂ. 2100ರಿಂದ 2000ದ ಸುಮಾರಿಗೆ, ಈ ವಿದ್ಯೆ ಪರಾಕಾಷ್ಠೆ ಮುಟ್ಟಿತು. ನೂರೇ ವರ್ಷದ ಆ ಅವಧಿಯ ಸುಮಾರು ಒಂದು ಲಕ್ಷ ಫಲಕಗಳು ಇಂದು ತಿಳಿದಿವೆ. ಉಮ್ಮ, ಗಿರ್ಸು ನಗರಗಳ ಪಡಿತರದ ಪಟ್ಟಿಗಳನ್ನೇ ನೋಡಿ: ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಸಿಲ ಬಾರ್ಲಿ, ಹೆಣ್ಣಾಳಿಗೆ 30, ಮಕ್ಕಳಿಗೆ ವಯಸ್ಸಿನಂತೆ 10ರಿಂದ 20. ಒಂದು ಸಿಲ ಎಂದರೆ ಹೆಚ್ಚುಕಡಿಮೆ ಒಂದು ಲೀಟರು. ನೇಯುವ, ಹಿಟ್ಟು ಬೀಸುವ ಹೆಂಗಸರ ಹೆಸರುಗಳೂ ಅವರ ಮಕ್ಕಳ ಹೆಸರುಗಳೂ ಅಲ್ಲಿವೆ. ಯಾವ ರಾಜನ ಶಾಸನ ಇವರನ್ನು ನೆನೆದೀತು? ಪಡಿ ಅಳೆಯುವ ಗುಮಾಸ್ತನಿಗೆ ಮಾತ್ರ ಇವರ ಹೆಸರು ಬೇಕಿತ್ತು.

ಆದರೆ ಗುಮಾಸ್ತನ ಲೆಕ್ಕಕ್ಕೆ ಕರುಣೆ ಇರಲಿಲ್ಲ. ಹೆಂಗಸರ ದುಡಿಮೆಯನ್ನು 'ಒಬ್ಬಳ ಒಂದು ದಿನ' ಎಂಬ ಅಳತೆಯಲ್ಲಿ ಕೂಡುತ್ತಿದ್ದರು. ಆರು ದಿನಕ್ಕೊಂದು ರಜೆ ಕಳೆದು, ಮಿಕ್ಕ ದಿನಗಳಷ್ಟೂ ಕೆಲಸ ಮೇಸ್ತ್ರಿಯ ಖಾತೆಗೆ ಖರ್ಚು ಬೀಳುತ್ತಿತ್ತು. ಅಷ್ಟು ಕೆಲಸ ತೋರಿಸದಿದ್ದರೆ ಬಾಕಿ. ಅದು ಮುಂದಿನ ವರ್ಷದ ಲೆಕ್ಕದ ಮೊದಲ ಸಾಲಿಗೆ ಬಂದು ಕೂರುತ್ತಿತ್ತು. ಮೇಸ್ತ್ರಿ ಸತ್ತರೂ ಬಾಕಿ ಸಾಯುತ್ತಿರಲಿಲ್ಲ. ಅವನ ಮನೆಯವರೇ ತೀರಿಸಬೇಕಿತ್ತು.

ಇಷ್ಟೆಲ್ಲ ತಿಳಿದದ್ದು ಒಂದು ಫಲಕದಿಂದಲ್ಲ, ಒಂದಕ್ಕೊಂದು ಜೋಡಿಸಿ ಓದಿದ ಫಲಕಗಳಿಂದ. ಅವನ್ನು ಬುಟ್ಟಿಗಳಲ್ಲಿಟ್ಟು, ಯಾವ ಲೆಕ್ಕ, ಯಾವ ವರ್ಷ ಎಂದು ಬರೆದ ಮಣ್ಣಿನ ಚೀಟಿಯನ್ನು ಕಟ್ಟುತ್ತಿದ್ದರು. 2003ರ ಯುದ್ಧದ ನಂತರ ಕಳ್ಳರು ಉಮ್ಮದಂಥ ಹಳೆಯ ದಿಬ್ಬಗಳನ್ನು ಅಗೆದು, ಸಿಕ್ಕ ಫಲಕಗಳನ್ನು ಬಿಡಿಬಿಡಿಯಾಗಿ ಹೊರದೇಶಗಳಿಗೆ ಮಾರಿದರು. 2021ರಲ್ಲಿ ಅಮೆರಿಕದಿಂದ ಸುಮಾರು 17,000 ಪುರಾವಸ್ತುಗಳು ಇರಾಕಿಗೆ ಮರಳಿದವು. ಅವುಗಳಲ್ಲಿ ಇಂಥ ಫಲಕಗಳೇ ಹೆಚ್ಚು. ಫಲಕವೇನೋ ಊರು ಸೇರಿತು. ಅದರ ಹಿಂದಿನ ತಿಂಗಳಿನದು ಯಾವುದು, ಮುಂದಿನದು ಯಾವುದು ಎಂದು ಹೇಳುತ್ತಿದ್ದ ಬುಟ್ಟಿಯ ಚೀಟಿ ಮಾತ್ರ ಜೊತೆಯಲ್ಲಿಲ್ಲ.