ನೋವು ಹೋಗಲೆಂದು ಕಾಯಬೇಡ

ಪುಟ್ಟಿ,

ನೀನು ಕಳಿಸಿದ ಎಂಆರ್‌ಐ ರಿಪೋರ್ಟ್ ನೋಡಿದೆ. ಅದರಲ್ಲಿ ‘ಡಿಸ್ಕ್ ಬಲ್ಜ್’ ಎಂದಿದ್ದೇ ತಡ, ಇಷ್ಟು ಬೇಗ ಬೆನ್ನುಮೂಳೆ ಸವೆದುಹೋಯಿತು ಎಂದು ಅಳುತ್ತಾ ಕೂತಿದ್ದೀಯಂತೆ. ಅಳುವಂಥದ್ದು ಅದರಲ್ಲೇನೂ ಇಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಹಾಕಿ ನೋಡಿದಾಗ, 20 ವರ್ಷದವರಲ್ಲೇ ನೂರಕ್ಕೆ 30 ಮಂದಿಯ ಡಿಸ್ಕ್ ಉಬ್ಬಿತ್ತು. 80ರವರಲ್ಲಿ 84 ಮಂದಿಯದು. ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲ ಎನ್ನಲು ಬರುವುದಿಲ್ಲ. ಮುಟ್ಟಿ, ಬಗ್ಗಿಸಿ, ಕಾಲೆತ್ತಿಸಿ ನೋಡಿದ ಡಾಕ್ಟರ ಮಾತಿಗೆ ರಿಪೋರ್ಟಿಗಿಂತ ಹೆಚ್ಚು ಬೆಲೆ ಕೊಡು.

ಮೂರು ತಿಂಗಳು ದಾಟಿದ ನೋವಿನ ಲೆಕ್ಕವೇ ಬೇರೆ. ಉಳುಕು, ಎಳೆತ ಅಷ್ಟರಲ್ಲಿ ಬಹುಮಟ್ಟಿಗೆ ಮಾಯ್ದಿರುತ್ತದೆ. ನರಗಳು ಮಾತ್ರ ಸುಮ್ಮನಾಗಿರುವುದಿಲ್ಲ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ. ನಿದ್ದೆಗೇಡು, ಚಿಂತೆ ಎರಡೂ ಆ ಬೊಗಳಾಟವನ್ನು ಹೆಚ್ಚಿಸುತ್ತವೆ. ಫೈಬ್ರೊಮಯಾಲ್ಜಿಯಾ ಎಂಬ ಇಂಥದೇ ದೀರ್ಘಕಾಲದ ನೋವಿನ ಕಾಯಿಲೆಯಲ್ಲಿ ಮೈಯೆಲ್ಲ ನೋಯುತ್ತದೆ. ರಕ್ತಪರೀಕ್ಷೆ, ಎಕ್ಸರೇ ಎಲ್ಲ ಸರಿಯಾಗಿಯೇ ಬರುತ್ತವೆ. ‘ಇದೆಲ್ಲ ನಾಟಕ’ ಎನ್ನುವವರು ಮನೆಯಲ್ಲೇ ಇರುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ನೋವಿಗೂ ಜಾಗ ಸಿಕ್ಕಿದೆ. ನಿನ್ನ ನೋವು ನಿಜ, ಯಾರಿಗೂ ಸಾಬೀತು ಮಾಡುತ್ತಾ ಕೂರಬೇಡ.

ಹಾಗೆಂದು ಪರೀಕ್ಷೆಯನ್ನು ಅರ್ಧಕ್ಕೆ ಬಿಡಬಾರದು. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆ ಮೀರಿ ಬೆನ್ನು ಬಿಗಿದುಕೊಂಡಿದ್ದು, ಓಡಾಡಿದರೆ ಸಡಿಲವಾಗಿ, ನಡುರಾತ್ರಿ ಮತ್ತೆ ನೋವಿನಿಂದ ಎಚ್ಚರವಾಗುತ್ತಿದ್ದರೆ ಅದು ಹೆಚ್ಚಾಗಿ ಹರೆಯದಲ್ಲೇ ಶುರುವಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತ ಇರಬಹುದು. ಬೆರಳ ಗೆಣ್ಣುಗಳು ಊದಿ ವಾರಗಟ್ಟಲೆ ಇಳಿಯದಿದ್ದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಇವಕ್ಕೆ ಕೀಲುವಾತದ ತಜ್ಞರು, ಅಂದರೆ ರುಮಟಾಲಜಿಸ್ಟ್ ಬೇಕು. ತಡಮಾಡಿದಷ್ಟೂ ಕೀಲು ಕೆಡುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆಯದು. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಇನ್ನು ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗು.

ನೋವು ತಡೆಯಲಾರದೆ ಕೈಗೆ ಸಿಕ್ಕಿದ್ದನ್ನು ನುಂಗುವುದು ದೊಡ್ಡ ಗಂಡಾಂತರ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯದ ಊರೂರನ್ನೇ ಮಲಗಿಸಿದಾಗ ನಾನು ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಜ್ವರ ಕೆಲವೇ ದಿನದಲ್ಲಿ ಇಳಿಯುತ್ತಿತ್ತು, ಗಂಟುನೋವು ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಕೂಲಿಗೆ ಹೋಗುವ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಹೆಸರಿಲ್ಲದ ಪುಡಿಯ ಪೊಟ್ಟಣ ತೋರಿಸಿದಳು. ‘ತಗೊಂಡ ದಿನವೇ ನೋವು ಮಾಯ ಕಣವ್ವ’ ಅಂದಳು. ಮುಖ ಗುಂಡಗೆ ಊದಿತ್ತು, ಸಕ್ಕರೆ ಏರಿತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬೇಕೆಂದು ಡಾಕ್ಟರು ಹೇಳಿದರು. ಬಹಳ ದಿನ ತಿಂದವರು ಅದನ್ನು ತಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್ ಕೂಡ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನು ಹಾಳುಮಾಡುತ್ತದೆ. ಆದರೆ ಡಾಕ್ಟರು ಅಮಿಟ್ರಿಪ್ಟಿಲಿನ್ ಅಥವಾ ಡುಲೊಕ್ಸೆಟಿನ್ ಬರೆದುಕೊಟ್ಟರೆ ‘ನನಗೆ ಹುಚ್ಚೇ?’ ಎಂದು ಸಿಡುಕಬೇಡ. ಖಿನ್ನತೆಗೆ ಕೊಡುವ ಇವೇ ಮಾತ್ರೆಗಳು ಕೆರಳಿದ ನರಗಳನ್ನೂ ತಣಿಸುತ್ತವೆ.

ಇನ್ನು ನಿನ್ನ ಕೈಯಲ್ಲೇ ಇರುವ ಮದ್ದು ನಡಿಗೆ. ನೋವಿನ ಕಾರಣ ಏನೆಂದು ಒಮ್ಮೆ ಖಚಿತವಾದ ಮೇಲೆ, ನೋವು ಪೂರ್ತಿ ಹೋಗಲಿ ಆಮೇಲೆ ಏಳುತ್ತೇನೆ ಎಂದು ಮಲಗಿಬಿಟ್ಟರೆ ಸ್ನಾಯು ಸೊರಗಿ ನೋವು ಇನ್ನಷ್ಟು ಬೇರೂರುತ್ತದೆ. ನಿನ್ನ ರೀತಿಯೂ ನನಗೆ ಗೊತ್ತು. ಮೈ ಹಗುರಾದ ದಿನ ಪರದೆ ಒಗೆದು, ಅಟ್ಟ ಇಳಿಸಿ, ಮನೆಯೆಲ್ಲ ಸಾರಿಸುತ್ತೀಯ. ಮೂರು ದಿನ ಹಾಸಿಗೆ ಹಿಡಿಯುತ್ತೀಯ. ಹದಿನೈದು ನಿಮಿಷ ನಡೆದರೆ ನೋವು ಏರುತ್ತದೆಯೇ? ಹತ್ತಕ್ಕೆ ನಿಲ್ಲಿಸು. ಚೆನ್ನಾಗಿರುವ ದಿನವೂ ಹತ್ತೇ, ಕೆಟ್ಟ ದಿನವೂ ಆದಷ್ಟು ಹತ್ತೇ. ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ ಹೋಗು. ನಡೆದ ಸಂಜೆ ಸ್ವಲ್ಪ ನೋವಾಗಿ ಮರುದಿನ ಇಳಿದರೆ ಏನೋ ಮುರಿಯಿತು ಎಂದು ಗಾಬರಿಪಡಬೇಡ. ಫಿಸಿಯೋಥೆರಪಿಯನ್ನು ಕರೆಂಟ್ ಕೊಡಿಸಿಕೊಳ್ಳುವುದಕ್ಕೇ ಮುಗಿಸದೆ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿತು ಬಾ. ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳು.

ನೋವು ಎಷ್ಟಿದೆ ಎಂದು ಗಳಿಗೆಗೊಮ್ಮೆ ಅಳೆಯುವುದನ್ನು ಬಿಡು. ಎಷ್ಟು ನಡೆದೆ, ಎಷ್ಟು ಹೊತ್ತು ನಿದ್ದೆ ಬಂತು, ಎಷ್ಟು ಮಾತ್ರೆ ನುಂಗಿದೆ ಎಂಬುದನ್ನು ಮಾತ್ರ ಬರೆದಿಡು. ಮುಂದಿನ ಸಲ ಡಾಕ್ಟರ ಮುಂದೆ ಇಡಬೇಕಾದ ರಿಪೋರ್ಟ್ ಅದು.

ನಿನ್ನ ದೊಡ್ಡಮ್ಮ