ಗಾಳ ಹಿಡಿದು ಕಾವೇರಿಗೆ ಹೊರಡುವ ಮುನ್ನ

ಟ್ರೌಟ್ ಮೀನಿಗೆ ಫ್ಲೈ ಗಾಳ ಹಾಕುತ್ತಾ ನಾಲ್ಕು ದಿನ ಹಾಸನದ ಕಡೆ ಕಳೆಯೋಣ ಎಂದುಕೊಂಡವರಿಗೆ ಮೊದಲೇ ಹೇಳಿಬಿಡಬೇಕು: ಟ್ರೌಟ್ ಹೇಮಾವತಿಯಲ್ಲೂ ಇಲ್ಲ, ಕಾವೇರಿಯಲ್ಲೂ ಇಲ್ಲ. ಅದು ತಣ್ಣೀರಿನ ಮೀನು; ನೀರಿನ ಉಷ್ಣತೆ 20 ಡಿಗ್ರಿ ದಾಟುತ್ತಿದ್ದಂತೆ ಸೊರಗುತ್ತದೆ. ನಮಗೆ ಹತ್ತಿರದ ಟ್ರೌಟ್ ನೀರು ಎಂದರೆ ನೀಲಗಿರಿ. ಊಟಿಯ ಆಚೆ ಅವಲಾಂಚಿಯಲ್ಲಿ 1907ರಷ್ಟು ಹಿಂದೆಯೇ ಟ್ರೌಟ್ ಮರಿ ಮಾಡುವ ಕೇಂದ್ರ ಶುರುವಾಗಿತ್ತು. ಅಲ್ಲಿಗೆ ಇಂದು ಹೋಗಬೇಕಾದರೆ ತಮಿಳುನಾಡು ಅರಣ್ಯ ಇಲಾಖೆಯ ಅನುಮತಿ ಬೇಕು. ಟ್ರೌಟ್‌ಗೇ ಗಾಳ ಹಾಕಬೇಕು ಎನ್ನುವವರು ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುವುದು ಮೇಲು.

ನಮ್ಮ ಹೊಳೆಗಳ ರಾಜ ಮಹಶೀರ್. ನಮ್ಮ ಜನ ಅದನ್ನು ಬಿಳಿಮೀನು ಎನ್ನುತ್ತಾರೆ, ದೇವಸ್ಥಾನದ ಕಟ್ಟೆಯ ಬಳಿ ಇದ್ದರೆ ದೇವರ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ಗಾಳಕ್ಕೆ ಎಳೆದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಗಾಳದ ಹುಚ್ಚಿರುವವರು ಈ ಲೆಕ್ಕವನ್ನು ಇಂದಿಗೂ ಬಾಯಲ್ಲಿಟ್ಟುಕೊಂಡಿದ್ದಾರೆ. ಆದ್ದರಿಂದ ಪ್ರವಾಸವನ್ನು ಮಹಶೀರ್ ಸುತ್ತಲೇ ಹಾಕಿಕೊಳ್ಳಿ: ಒಂದು ದಿನ ಮೀನು ನೋಡುವುದಕ್ಕೆ, ಉಳಿದ ದಿನ ಗಾಳಕ್ಕೆ.

ನೋಡುವ ಜಾಗ ಅರಕಲಗೂಡು ತಾಲ್ಲೂಕಿನ ರಾಮನಾಥಪುರ. ಬೆಂಗಳೂರಿನಿಂದ ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ 2017ರಿಂದ ರೈಲಿದೆ. ಹಾಸನದಿಂದ ಅರಕಲಗೂಡಿಗೆ ಸುಮಾರು 30 ಕಿ.ಮೀ., ಅಲ್ಲಿಂದ ರಾಮನಾಥಪುರಕ್ಕೆ ಮತ್ತೆ ಸುಮಾರು 20, ಬಸ್ಸಿನಲ್ಲೇ ಹೋಗಬಹುದು. ಮೈಸೂರಿನವರಿಗೆ ಪಿರಿಯಾಪಟ್ಟಣದ ದಾರಿಯೂ ಇದೆ. ಊರೊಳಗೆ ರಾಮೇಶ್ವರ, ಸುಬ್ರಹ್ಮಣ್ಯ ದೇವಸ್ಥಾನಗಳು, ಬೆನ್ನಿಗೇ ಕಾವೇರಿ. ಬಂಡೆಗಳ ನಡುವೆ ಹೊಳೆ ಮಡುಗಟ್ಟಿ ನಿಲ್ಲುವ ಜಾಗವನ್ನು ವಹ್ನಿ ಪುಷ್ಕರಿಣಿ ಎನ್ನುತ್ತಾರೆ. ಇದು ಮತ್ಸ್ಯಧಾಮ. ಇಲ್ಲಿ ಗಾಳ, ಬಲೆ ಎರಡೂ ನಿಷಿದ್ಧ, ಗಾಳದ ಕೋಲನ್ನು ಗಾಡಿಯಲ್ಲೇ ಬಿಟ್ಟು ಬನ್ನಿ.

ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಪುರಿ ಎರಚಿದರೆ ಸಾಕು. ಮೊದಲು ಸಣ್ಣವು ನುಗ್ಗುತ್ತವೆ. ದೊಡ್ಡವಕ್ಕೆ ಅವಸರವಿಲ್ಲ, ಕೆಳಗಿನಿಂದ ನೆರಳಿನಂತೆ ಎದ್ದು, ದಪ್ಪ ತುಟಿಯನ್ನು ಮೇಲಕ್ಕೆ ಚಾಚಿ, ಒಂದೇ ಗುಟುಕಿಗೆ ನೀರು ಸಮೇತ ಎಳೆದುಕೊಂಡು ಮತ್ತೆ ಇಳಿಯುತ್ತವೆ. ಬಾಯಿಯ ಇಕ್ಕೆಲದಲ್ಲಿ ಎರಡು ಜೊತೆ ಮೀಸೆ, ಮೈತುಂಬ ರೂಪಾಯಿ ನಾಣ್ಯಕ್ಕಿಂತ ಅಗಲವಾದ ಹುರುಪೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿ, ಚಿಪ್ಪುಹುಳುಗಳನ್ನು ಅದು ಪುಡಿಮಾಡುವುದು ಅಲ್ಲೇ. ಗಾಳ ಹಾಕುವವರು ಒಂದು ಗಂಟೆಯಾದರೂ ಇಲ್ಲಿ ಕೂರಬೇಕು. ಹರಿವು ಬಂಡೆಗೆ ಬಡಿದು ತಿರುಗುವಲ್ಲಿ, ಆ ಸುಳಿಯ ಅಂಚಿನಲ್ಲೇ ದೊಡ್ಡ ಮೀನು ನಿಲ್ಲುವುದನ್ನು ಕಣ್ಣಾರೆ ಕಂಡರೆ ಮಾರನೆಯ ದಿನ ಗಾಳ ಎಲ್ಲಿ ಬೀಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬಂಡೆ ಪಾಚಿಗಟ್ಟಿರುತ್ತದೆ, ಮಡು ಆಳ. ಮಕ್ಕಳ ಕೈ ಬಿಡಬೇಡಿ, ಈಜು ಬರುತ್ತದೆಂದು ಇಳಿಯಬೇಡಿ. ಸೋಪು, ಶ್ಯಾಂಪೂ ಹೊಳೆಗೆ ತಾಗಿಸಬೇಡಿ, ಹಳೆ ಬಟ್ಟೆ ನೀರಿಗೆ ಬಿಡಬೇಡಿ, ಬಿಸ್ಕತ್ತು, ಚಿಪ್ಸ್ ಬೇಡವೇ ಬೇಡ. ಮೇಲೆ ಕೆಳಗೆ ಎಷ್ಟೋ ಕಡೆ ತೋಟೆ ಸಿಡಿಸಿ ಮೀನು ಹಿಡಿದಿದ್ದಾರೆ. ಅಣೆಕಟ್ಟುಗಳು ಮೊಟ್ಟೆ ಇಡಲು ಮೇಲಕ್ಕೆ ಹೋಗುವ ಮೀನಿನ ದಾರಿ ಕಟ್ಟಿವೆ. ದೊಡ್ಡ ತಾಯಿಮೀನು ಉಳಿದಿರುವುದು ಇಂಥ ದೇವರ ಮಡುಗಳಲ್ಲಿ. ಚಂಪಾಷಷ್ಠಿಯ ತೇರಿನ ದಿನಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮೀನಿಗಾಗಿ ಬರುವವರು ಬೇರೆ ವಾರ ಆರಿಸಿಕೊಳ್ಳಿ.

ಗೈಡ್ ಜೊತೆ ಗಾಳ ಹಾಕಲು ಹೊಳೆಯಗುಂಟ ಮೇಲಕ್ಕೆ, ಕೊಡಗಿಗೆ ಹೋಗಬೇಕು. ಕೊಣನೂರಿನಲ್ಲಿ ಕಾವೇರಿಯ ತೂಗುಸೇತುವೆ ನೋಡಿಕೊಂಡು ಕುಶಾಲನಗರ ತಲುಪಿ, ಸಿದ್ದಾಪುರದ ಕಡೆಗೆ ಹೊರಳಿದರೆ ವಾಲ್ನೂರು ಸಿಗುತ್ತದೆ. ಇಲ್ಲಿನ ಹೊಳೆಯನ್ನು ಕಾದುಕೊಂಡು ಬಂದದ್ದು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ. ಪರವಾನಗಿ ಅವರಿಂದಲೇ ಪಡೆಯಬೇಕು. ಹಿಡಿದ ಮಹಶೀರನ್ನು ಹೊಳೆಗೇ ಬಿಡಬೇಕೆಂಬುದು ಕಟ್ಟುನಿಟ್ಟು. ಉಳಿಯಲು ಸುತ್ತಲಿನ ಕಾಫಿ ತೋಟಗಳ ಹೋಂಸ್ಟೇಗಳಿವೆ. ಕೋಣೆ ಕಾಯ್ದಿರಿಸುವ ಮೊದಲು ಮಡಿಕೇರಿಯ ಸೊಸೈಟಿ ಕಚೇರಿಗೆ ಕೇಳಿ, ಆ ವರ್ಷದ ನಿಯಮ, ಶುಲ್ಕ, ಗೈಡ್ ಯಾರು ಎಂಬುದನ್ನು ಖಚಿತ ಮಾಡಿಕೊಳ್ಳಿ. ‘ಪರವಾನಗಿ ಏನೂ ಬೇಡ ಸಾರ್, ನಾವು ನೋಡ್ಕೋತೀವಿ’ ಎನ್ನುವ ಹೋಂಸ್ಟೇ ಸಿಕ್ಕರೆ ಬೇರೆ ಕಡೆ ನೋಡಿ. ಹಿಂದೆ ಹೆಸರುವಾಸಿಯಾಗಿದ್ದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳು ಕಾವೇರಿ ವನ್ಯಜೀವಿಧಾಮದೊಳಗೆ ಬರುವುದರಿಂದ ಅಲ್ಲಿ ಮಹಶೀರ್ ಗಾಳ ನಿಂತಿದೆ. ಹಳೆಯ ಫೋಟೊ ನೋಡಿ ಅಲ್ಲಿಗೆ ಹೊರಡಬೇಡಿ.

ಮಳೆಗಾಲ ಮಹಶೀರ್ ಮೊಟ್ಟೆ ಇಡುವ ಕಾಲ, ಆಗ ಗಾಳ ಬೇಡ. ಮಳೆ ನಿಂತು ನೀರು ತಿಳಿಯಾದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯದು. ಬೆಳಗಿನ ಮೊದಲ ಎರಡು ಗಂಟೆ, ಸಂಜೆಯ ಕೊನೆಯ ಗಂಟೆ ಬಿಟ್ಟರೆ ಮಧ್ಯಾಹ್ನ ಮಲಗುವುದೇ ಲೇಸು. ಕಾವೇರಿಯ ಹಳಬರು ಗಾಳಕ್ಕೆ ಹಾಕುವುದು ಗಟ್ಟಿಯಾಗಿ ಬೇಯಿಸಿದ ರಾಗಿಹಿಟ್ಟಿನ ಉಂಡೆ. ಫ್ಲೈ ಗಾಳವೇ ಬೇಕೆನ್ನುವವರು ಟ್ರೌಟ್‌ಗೆ ಬಳಸುವ ಬಳುಕುವ ಸಣ್ಣ ಕೋಲು ತರಬೇಡಿ. 8ನೇ ನಂಬರಿನದು, ನೂರು ಗಜಕ್ಕೂ ಹೆಚ್ಚು ಹಿಂಬದಿ ದಾರ (ಬ್ಯಾಕಿಂಗ್) ಸುತ್ತಿದ ರೀಲು ಇರಲಿ. ಮಹಶೀರ್ ಕಚ್ಚಿದ ಕೂಡಲೇ ಓಡುತ್ತದೆ, ಓಡುವುದು ಬಂಡೆಯ ಸಂದಿಗೇ. ಸಣ್ಣ ಮೀನನ್ನು ಹೋಲುವ, ಹೊಳಪಿನ ಎಳೆ ಸುತ್ತಿದ ಫ್ಲೈಗಳು ಕೆಲಸಕ್ಕೆ ಬರುತ್ತವೆ.

ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಕೊಳ್ಳಿ. ಮೀನು ದಡಕ್ಕೆ ಬಂದಾಗ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಕಿವಿರಿಗೆ ಬೆರಳು ಹಾಕಬೇಡಿ, ಮರಳ ಮೇಲೆ ಎಳೆಯಬೇಡಿ. ಫೋಟೊ ಬೇಕೆಂದರೆ ನೀರಿನಲ್ಲೇ ಹಿಡಿದು ತೆಗೆಸಿಕೊಳ್ಳಿ. ಆಮೇಲೆ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ಕಾಯಬೇಕು. ದಣಿದ ಮೀನಿಗೆ ನಿಮಿಷಗಳೇ ಹಿಡಿಯುತ್ತವೆ. ಬಾಲ ತಾನಾಗಿ ಬೀಸಿ ಕೈಬಿಟ್ಟು ಹೋಗುವವರೆಗೂ ಬಿಡಬೇಡಿ. ಇಲ್ಲಿ ಹೆಚ್ಚಾಗಿ ಸಿಗುವುದು ನೀಲಿ ರೆಕ್ಕೆಯ ಮಹಶೀರ್. ಇಂಥ ಮರಿಗಳನ್ನು ಲೋನಾವಳದಲ್ಲಿ ಸಾಕಿ ಕಾವೇರಿಗೆ ತಂದು ಬಿಡಲಾಗಿತ್ತು. ಕಾವೇರಿಯ ಸ್ವಂತ ಮೀನು ಕೇಸರಿ ರೆಕ್ಕೆಯ, ಡುಬ್ಬ ಬೆನ್ನಿನ ಮಹಶೀರ್, ಟಾರ್ ರೆಮಾದೇವಿ. 2018ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಅದೃಷ್ಟವಶಾತ್ ಅಂಥದು ಗಾಳಕ್ಕೆ ಬಂದರೆ ಎಲ್ಲಕ್ಕಿಂತ ಮೊದಲು ಬಿಡಿ, ಬಿಟ್ಟ ಮೇಲೆ ಸೊಸೈಟಿಯವರಿಗೆ ಜಾಗ ತಿಳಿಸಿ.

ಒಂದು ದಿನ ಉಳಿದರೆ ಹೊಳೆನರಸೀಪುರಕ್ಕೆ ಬನ್ನಿ. ಮೈಸೂರು–ಹಾಸನ ರೈಲು ಅಲ್ಲೇ ನಿಲ್ಲುತ್ತದೆ. ಹೇಮಾವತಿ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಜಿಲೇಬಿ ಮೀನಿಗೆ ಗಾಳ ಹಾಕಿ ಕೂತವರ ಪಕ್ಕ ಕೂರಬಹುದು. ಮೇಲೆ ಗೊರೂರಿನ ಅಣೆಕಟ್ಟು ಇರುವುದರಿಂದ ನೀರು ಬಿಡುವ ದಿನ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ, ದಂಡೆಯವರನ್ನು ಕೇಳದೆ ಇಳಿಯಬೇಡಿ. ಚನ್ನರಾಯಪಟ್ಟಣದ ಕಡೆ ಕೆರೆಗಳು ಬೇಕಾದಷ್ಟಿವೆ. ಅಂಥ ಕೆರೆಗಳ ಮೀನನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರಿಗೆ ಒಂದು ಮಾತು ಹೇಳಿ, ಅವರು ಕೇಳಿದ್ದನ್ನು ಕೊಟ್ಟು ಕಟ್ಲಾ, ರೋಹುವಿಗೆ ಗಾಳ ಹಾಕಬಹುದು. ಆ ಮೀನನ್ನು ಮನೆಗೆ ತಂದು ಸಾರು ಮಾಡಲು ಅಡ್ಡಿಯಿಲ್ಲ.