ಹೊದಿಕೆಯ ಮೇಲಣ ಮೃಗಗಳು

ಅಕ್ಷರಕ್ಕಿಂತ ಮೊದಲು ಚಿತ್ರವು ಮನುಷ್ಯನ ಕಣ್ಣನ್ನು ಸೆಳೆಯುತ್ತದೆ. ಓದುಬರಹ ಬಾರದವನೂ ಬೆಂಕಿಪೊಟ್ಟಣದ ಮೇಲಿನ ಚಿತ್ರವನ್ನು ಕಂಡು ತನಗೆ ಬೇಕಾದುದನ್ನು ಆರಿಸಿಕೊಳ್ಳಬಲ್ಲನು. ಹೀಗೆ ಒಂದು ವಸ್ತುವಿಗೆ, ಮನೆತನಕ್ಕೆ ಅಥವಾ ರಾಜ್ಯಕ್ಕೆ ಗುರುತಾಗಿ ನಿಲ್ಲುವ ಚಿತ್ರವೇ ಲಾಂಛನ. ಲಾಂಛನಗಳಲ್ಲಿ ಪ್ರಾಣಿಗಳಿಗೆ ಹಿಂದಿನಿಂದಲೂ ಹಿರಿಯ ಸ್ಥಾನವುಂಟು.

ಬಳ್ಳಾರಿ ನಗರದ ಮಕ್ಕಳಿಗೂ ಪರಿಚಿತವಾದ ‘ಪೋಕೆಮಾನ್’ ಎಂಬ ವಿಡಿಯೋ ಆಟವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಪಳಗಿಸುವ ಈ ಆಟವು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ‘ರೆಡ್’ ಮತ್ತು ‘ಗ್ರೀನ್’ ಎಂಬ ಎರಡು ಆವೃತ್ತಿಗಳಾಗಿ ಹೊರಬಂದಿತು. ಕೆಂಪು ಪೆಟ್ಟಿಗೆಯ ಹೊದಿಕೆಯ ಮೇಲೆ ಬೆಂಕಿಯುಗುಳುವ, ರೆಕ್ಕೆಗಳುಳ್ಳ ಚಾರಿಜಾರ್ಡ್ ಇದ್ದರೆ, ಹಸುರು ಪೆಟ್ಟಿಗೆಯ ಮೇಲೆ ಬೆನ್ನಿನಲ್ಲಿ ದೊಡ್ಡ ಹೂವನ್ನು ಹೊತ್ತ ವೀನಸಾರ್ ಇದ್ದಿತು. 2002ರ ‘ರೂಬಿ’, ‘ಸಫೈರ್’ ಆವೃತ್ತಿಗಳ ಹೊದಿಕೆಗಳನ್ನು ನೆಲದ ಒಡೆಯನಾದ ಗ್ರೌಡಾನ್ ಮತ್ತು ಕಡಲಿನ ಒಡೆಯನಾದ ಕಯೋಗರ್ ಅಲಂಕರಿಸಿದವು. ಪೆಟ್ಟಿಗೆಯನ್ನು ತೆರೆಯುವ ಮುನ್ನವೇ ಒಳಗಿನ ಲೋಕದ ಸ್ವಭಾವವನ್ನು ಈ ಮೃಗಗಳು ಸೂಚಿಸುತ್ತವೆ.

ಇಂತಹ ಮೃಗಗಳು ನಮ್ಮ ನಾಡಿಗೆ ಹೊಸವೇನೂ ಅಲ್ಲ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ವಿಜಯನಗರದ ಅರಸರೂ ಅದನ್ನೇ ಧರಿಸಿದರು. ಅವರ ರಾಜಧಾನಿಯಾಗಿದ್ದ ಹಂಪಿಯು 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದಿತು. 1529ರಿಂದ 1542ರವರೆಗೆ ಆಳಿದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಗಂಡಭೇರುಂಡವು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದು ಹಾರುತ್ತದೆ. ಅದೇ ಎರಡು ತಲೆಯ ಹಕ್ಕಿ ಇಂದು ಕರ್ನಾಟಕ ರಾಜ್ಯದ ಲಾಂಛನದ ನಡುವೆ ಇದೆ. ಅದರ ಇಕ್ಕೆಲಗಳಲ್ಲಿ ಸಿಂಹದ ಮೈಯೂ ಆನೆಯ ಮೊಗವೂ ಉಳ್ಳ ಶರಭಗಳು ನಿಂತಿವೆ.

ಇವುಗಳನ್ನು ನಿಟ್ಟಿಸಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಕಲ್ಪನೆಯು ಶೂನ್ಯದಿಂದ ಹುಟ್ಟುವುದಿಲ್ಲ; ಕಂಡ ಪ್ರಾಣಿಗಳ ಅಂಗಗಳನ್ನು ಕೂಡಿಸಿ ಕಾಣದ ಪ್ರಾಣಿಯನ್ನು ಅದು ಸೃಷ್ಟಿಸುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ಭಾರಿ ಶಿಲಾಮೂರ್ತಿಯನ್ನು ಕಡೆದ ಶಿಲ್ಪಿಯು ಹೊಲ ಉಳುವ ಎತ್ತನ್ನು ಚೆನ್ನಾಗಿ ಬಲ್ಲವನಾಗಿದ್ದಿರಬೇಕು. ಪೋಕೆಮಾನ್ ಆಟವನ್ನು ರೂಪಿಸಿದ ಸತೋಷಿ ತಾಜಿರಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುತ್ತಿದ್ದವರು. ತೋಕಿಯೋದ ಹೊರವಲಯದಲ್ಲಿ ಅವರು ಆಡಿದ ಗದ್ದೆ, ಕೆರೆಗಳು ಕಟ್ಟಡಗಳ ಅಡಿಯಲ್ಲಿ ಮರೆಯಾದವು. ಆ ಹಿಡಿಯುವ ಸಂತೋಷವನ್ನು ಹೊಸ ಪೀಳಿಗೆಗೆ ಉಳಿಸಿಕೊಡುವ ಹಂಬಲವೇ ಆಟಕ್ಕೆ ಮೂಲವಾಯಿತು. ಸಿರುಗುಪ್ಪದ ಭತ್ತದ ಗದ್ದೆಗಳ ಬದಿಯಲ್ಲಿ ಬೆಳೆಯುವ ಮಕ್ಕಳ ಮುಂದೆ ಕಪ್ಪೆ, ಏಡಿ, ಕೊಕ್ಕರೆಗಳ ಆ ಲೋಕವು ಇನ್ನೂ ತೆರೆದೇ ಇದೆ. ಅದನ್ನು ನೋಡದೆ ಹೊದಿಕೆಯನ್ನಷ್ಟೇ ನೋಡುವವನು ಪ್ರತಿಬಿಂಬವನ್ನು ಕಂಡು ಮೂಲವನ್ನು ಮರೆತಂತೆ.

ಹೊದಿಕೆಗಳು ಜೋಡಿಯಾಗಿ ಬರುವುದಕ್ಕೂ ಕಾರಣವುಂಟು. ಒಂದು ಆವೃತ್ತಿಯಲ್ಲಿ ದೊರೆಯುವ ಕೆಲವು ಪ್ರಾಣಿಗಳು ಇನ್ನೊಂದರಲ್ಲಿ ದೊರೆಯುವುದಿಲ್ಲ. ಸಂಗ್ರಹವು ಪೂರ್ಣವಾಗಬೇಕಾದರೆ ಗೆಳೆಯನೊಡನೆ ವಿನಿಮಯ ಮಾಡಿಕೊಳ್ಳಬೇಕು. ಎರಡನ್ನೂ ಕೊಳ್ಳುವ ಆಸೆಯನ್ನು ಹುಟ್ಟಿಸುವುದು ವ್ಯಾಪಾರಿಯ ಜಾಣ್ಮೆ. ಒಂದನ್ನೇ ಕೊಂಡು ಹಂಚಿಕೊಂಡು ಆಡುವುದು ಆಟಗಾರನ ಜಾಣ್ಮೆ. ಪಂಚತಂತ್ರದ ಭಾರುಂಡ ಪಕ್ಷಿಗೆ ತಲೆ ಎರಡು, ಹೊಟ್ಟೆ ಒಂದು. ಸಿಹಿಯಾದ ಹಣ್ಣನ್ನು ಒಂದು ತಲೆ ಹಂಚಿಕೊಳ್ಳದೆ ತಿಂದಿತು. ಮುನಿದ ಇನ್ನೊಂದು ತಲೆ ವಿಷದ ಹಣ್ಣನ್ನು ತಿಂದಿತು. ಇಡೀ ಹಕ್ಕಿಯೇ ಸತ್ತಿತು. ಹಂಚಿಕೊಳ್ಳಲು ಒಲ್ಲದವನ ಸಂಗ್ರಹವೂ ಎಂದಿಗೂ ಪೂರ್ಣವಾಗದು.

ಕೊನೆಯದಾಗಿ, ಲಾಂಛನವೆಂಬುದು ಒಂದು ವಾಗ್ದಾನ. ವಿಜಯನಗರದ ಚಿನ್ನದ ನಾಣ್ಯಕ್ಕೆ ವರಾಹವೆಂದೇ ಹೆಸರು. ಅದರ ತೂಕ ಸುಮಾರು 3.4 ಗ್ರಾಂ. ವರ್ತಕರು ಅದನ್ನು ಒಪ್ಪುತ್ತಿದ್ದುದು ಮೇಲಿನ ಚಿತ್ರದ ಅಂದಕ್ಕಾಗಿ ಅಲ್ಲ, ಒಳಗಿನ ಚಿನ್ನಕ್ಕಾಗಿ. ಆಟದ ಪೆಟ್ಟಿಗೆಯಾಗಲಿ, ಪುಸ್ತಕವಾಗಲಿ, ಚುನಾವಣೆಯ ಚಿಹ್ನೆಯಾಗಲಿ, ನಮ್ಮ ಮುಂದೆ ಬರುವ ಪ್ರತಿಯೊಂದು ಹೊದಿಕೆಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಚಿತ್ರವನ್ನು ಮನಸಾರೆ ಮೆಚ್ಚೋಣ. ಆದರೆ ಹಣವನ್ನೂ ಹೊತ್ತನ್ನೂ ನಂಬಿಕೆಯನ್ನೂ ತೆರುವ ಮೊದಲು ತೂಕವನ್ನು ನೋಡೋಣ.